ಸೂಟಿ ಯಾರದು?

ಏಪ್ರಿಲ್ ಎರಡನೆಯ ವಾರ. ಕಾಗವಾಡದಲ್ಲಿ ಬಸ್ಸಿನಿಂದ ಇಳಿದವರು ಮೊದಲು ನೆರಳು ಹುಡುಕುವ ಕಾಲ. ಕಬ್ಬು ನುರಿಸುವ ಹಂಗಾಮು ಮುಗಿದು, ಉಗಾರದ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಟ್ರ್ಯಾಕ್ಟರುಗಳ ಸಾಲು ಕಾಣೆಯಾಗಿದೆ. ಒಣದ್ರಾಕ್ಷಿ ಶೆಡ್ಡುಗಳಲ್ಲಿ ಬಲೆಯ ಮೇಲೆ ಹರಡಿದ ಹಣ್ಣು ದಿನದಿಂದ ದಿನಕ್ಕೆ ಸುಕ್ಕುಗಟ್ಟುತ್ತಿದೆ. ಮಾಳಿಗೆಯ ಮೇಲೆ ಶಾವಿಗೆ, ಹಪ್ಪಳ, ಸಂಡಿಗೆ. ಶಾಲೆಯ ಬಾಗಿಲಿಗೆ ಕೀಲಿ ಬಿದ್ದಿದೆ. ಮಕ್ಕಳ ಬಾಯಲ್ಲಿ ಒಂದೇ ಮಾತು: ಸೂಟಿ.

ಈ ಸೀಮೆಯ ಯಾವ ಓಣಿಯಲ್ಲಾದರೂ ಇರಬಹುದಾದ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ತಂದೆಗೆ ಮೂರು ಎಕರೆ ದ್ರಾಕ್ಷಿ ತೋಟ. ಮಗಳು ಒಂಬತ್ತನೆಯ ತರಗತಿಯ ಪರೀಕ್ಷೆ ಬರೆದು ಮುಗಿಸಿದ್ದಾಳೆ. ರಾತ್ರಿ ಊಟಕ್ಕೆ ಕುಳಿತಾಗ ತಂದೆ ಮಾತು ತೆಗೆಯುತ್ತಾನೆ.

“ಸೋಮವಾರದಿಂದ ಅಥಣಿಗೆ ಹೋಗು. ಮಾಮಾನ ಮನ್ಯಾಗ ಇರು. ಅಲ್ಲೆ ಕ್ಲಾಸಿಗೆ ಹೆಸರು ಹಚ್ಚೀನಿ. ಹತ್ತನೇತ್ತೆ ಅಂದ್ರ ಹುಡುಗಾಟಕಿ ಅಲ್ಲ.”

“ಅಪ್ಪಾ, ನಾ ಜುಗೂಳಕ್ಕ ಆಯಿ ಮನಿಗೆ ಹೋಗ್ತೀನಿ. ಸಾಲ್ಯಾಗಿಂದ ಎರಡು ಪುಸ್ತಕ ತಂದೀನಿ. ಓದಬೇಕಂತ ಮಾಡೀನಿ.”

“ಯಾವ ಪುಸ್ತಕ? ಗಣಿತದ್ದೇನು?”

“ಅಲ್ಲ. ಕತಿ ಪುಸ್ತಕ.”

ತಂದೆ ಉತ್ತರಿಸುವುದಿಲ್ಲ. ತಾಯಿ ರೊಟ್ಟಿ ಬಡಿಸುತ್ತ ಅಷ್ಟೇ ಹೇಳುತ್ತಾಳೆ: “ಒಂದ್ ತಿಂಗಳರೆ ಹಗೂರ ಇರ್ಲಿ ಬಿಡ್ರಿ.”

ಇಂಥ ಮಾತುಕತೆ ಈಗ ಸಾವಿರಾರು ಮನೆಗಳಲ್ಲಿ ನಡೆಯುತ್ತದೆ. ಇದರಲ್ಲಿ ತಂದೆಯನ್ನು ಕಟುಕನೆಂದು ತಿಳಿಯಬೇಕಾಗಿಲ್ಲ. ತನ್ನ ಮಗಳು ಬಿಸಿಲಿನಲ್ಲಿ ದುಡಿಯಬಾರದು, ಕಲಿತು ಮುಂದೆ ಬರಬೇಕು ಎಂಬ ಆಸೆಯೇ ಅವನ ಬಾಯಿಂದ ಆಜ್ಞೆಯಾಗಿ ಬರುತ್ತಿದೆ. ದೀರ್ಘ ರಜೆಯಲ್ಲಿ ಮಕ್ಕಳು ಕಲಿತದ್ದನ್ನು ಮರೆಯುತ್ತಾರೆ ಎಂಬ ಅವನ ಭಯವೂ ಸುಳ್ಳಲ್ಲ. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಈ ವಿಷಯದ 39 ಅಧ್ಯಯನಗಳನ್ನು ಪರಿಶೀಲಿಸಿ 1996ರಲ್ಲಿ ವರದಿ ಪ್ರಕಟಿಸಿದರು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬಿದ್ದಿರುತ್ತಾರೆ, ಗಣಿತದಲ್ಲಿ ಈ ನಷ್ಟ ಹೆಚ್ಚು ಎಂಬುದು ಅವರ ತೀರ್ಮಾನ. ಲೆಕ್ಕ ಮಾಡುವುದು ಕೈ ರೂಢಿಯ ಕೆಲಸ. ರೂಢಿ ತಪ್ಪಿದರೆ ಮರೆಯುತ್ತದೆ.

ಹಾಗಾದರೆ ರಜೆಯನ್ನೇ ಶಾಲೆಯನ್ನಾಗಿ ಮಾಡಿಬಿಡುವುದೇ ಇದಕ್ಕೆ ಮದ್ದೇ? ಇಲ್ಲಿಯೇ ಸ್ವಲ್ಪ ನಿಂತು ಯೋಚಿಸಬೇಕು.

ದ್ರಾಕ್ಷಿ ಬೆಳೆಯುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕೊಯ್ಲು ಮುಗಿದ ಬಳ್ಳಿಗೆ ಕೆಲವು ವಾರ ವಿಶ್ರಾಂತಿ ಕೊಡುತ್ತಾರೆ. ಅನಂತರ ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ. ಆಮೇಲೆ ಚಿಗುರುತ್ತದೆ. ಈ ಬೇಸಿಗೆಯ ಚಿಗುರಿನಲ್ಲಿ ಗೊನೆ ಬೆಳೆಸುವುದಿಲ್ಲ; ತೋಟಕ್ಕೆ ಬಂದ ನೆಂಟರಿಗೆ ಬರೀ ಎಲೆ ಕಾಣುತ್ತದೆ. ಆದರೆ ಅದೇ ವಾರಗಳಲ್ಲಿ ಕಡ್ಡಿಯ ಕಣ್ಣುಗಳ ಒಳಗೆ, ಹೊರಗಿನವರಿಗೆ ಕಾಣದಂತೆ, ಮುಂದಿನ ವರ್ಷದ ಗೊನೆಯ ಮೊಳಕೆ ರೂಪುಗೊಳ್ಳುತ್ತಿರುತ್ತದೆ. ಅಕ್ಟೋಬರಿನಲ್ಲಿ ಸವರಿದಾಗ ಹೊರಬರುವ ಹೂಗೊಂಚಲು ಬೇಸಿಗೆಯಲ್ಲಿ ಒಳಗೇ ತಯಾರಾದದ್ದು. ಬೇಸಿಗೆಯಲ್ಲಿ ಬಳ್ಳಿ ಸೊರಗಿದರೆ ಮುಂದೆ ಎಷ್ಟು ಗೊಬ್ಬರ ಸುರಿದರೂ ಗೊನೆ ಹೆಚ್ಚುವುದಿಲ್ಲ.

ಮಗುವಿನ ಮೆದುಳಿನ ಸಂಗತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಮೆದುಳಿನ ತೂಕ ದೇಹದ ತೂಕದಲ್ಲಿ ಸುಮಾರು 2 ಪ್ರತಿಶತ. ಆದರೆ ದೇಹ ಬಳಸುವ ಶಕ್ತಿಯಲ್ಲಿ ಸುಮಾರು 20 ಪ್ರತಿಶತ ಅದಕ್ಕೇ ಬೇಕು. ವಿಶೇಷವೆಂದರೆ, ಸುಮ್ಮನೆ ಕುಳಿತಾಗಲೂ ಈ ಖರ್ಚು ಹೆಚ್ಚೇನೂ ಇಳಿಯುವುದಿಲ್ಲ. ಮಾರ್ಕಸ್ ರೈಖಲ್ ಎಂಬ ನರವಿಜ್ಞಾನಿ ಮತ್ತು ಸಂಗಡಿಗರು 2001ರಲ್ಲಿ ತೋರಿಸಿಕೊಟ್ಟಂತೆ, ಮನುಷ್ಯ ಯಾವ ಕೆಲಸದಲ್ಲೂ ತೊಡಗದಿದ್ದಾಗ ಮೆದುಳಿನ ಕೆಲವು ಭಾಗಗಳು ಇನ್ನೂ ಚುರುಕಾಗುತ್ತವೆ. ನಡೆದುಹೋದದ್ದನ್ನು ನೆನೆಯುವುದು, ಮುಂದಿನದನ್ನು ಕಲ್ಪಿಸುವುದು ಮುಂತಾದ ಕೆಲಸಗಳಿಗೆ ಈ ಭಾಗಗಳೇ ಬೇಕು. ಹೊರಸಿನ ಮೇಲೆ ಮಲಗಿ ಬೇವಿನ ಎಲೆಗಳತ್ತ ನೋಡುತ್ತಿರುವ ಹುಡುಗ ಏನೂ ಮಾಡುತ್ತಿಲ್ಲವೆಂದು ಹೇಳುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ನಿದ್ರೆಯ ಮಾತೂ ಹೀಗೆಯೇ. ಹಗಲು ಕಂಡು ಕಲಿತದ್ದನ್ನು ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಸದ್ಯಕ್ಕೆ ಹಿಡಿದಿಟ್ಟುಕೊಳ್ಳುತ್ತದೆ. ಗಾಢ ನಿದ್ರೆಯಲ್ಲಿ ಅದು ಮತ್ತೆ ಮತ್ತೆ ಮರುಕಳಿಸಿ, ಮೆದುಳಿನ ಹೊರಪದರದಲ್ಲಿ ನೆಲೆಯೂರುತ್ತದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ತಾಸು, 13ರಿಂದ 18 ವರ್ಷದವರಿಗೆ 8ರಿಂದ 10 ತಾಸು ನಿದ್ರೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಸಲಹೆ ನೀಡಿದೆ. ಪರೀಕ್ಷೆಯ ತಿಂಗಳಲ್ಲಿ ಎಷ್ಟು ಮಕ್ಕಳಿಗೆ ಇಷ್ಟು ನಿದ್ರೆ ಸಿಕ್ಕಿರುತ್ತದೆ? ರಜೆಯ ಮೊದಲ ವಾರ ಮಗು ತಡವಾಗಿ ಎದ್ದರೆ ಅದನ್ನು ಆಲಸ್ಯವೆಂದು ಗದರಬೇಕಾಗಿಲ್ಲ. ಆದರೆ ಮಧ್ಯರಾತ್ರಿಯವರೆಗೆ ಮೊಬೈಲ್ ಹಿಡಿದು, ಮಧ್ಯಾಹ್ನದವರೆಗೆ ಮಲಗುವುದು ವಿಶ್ರಾಂತಿಯಲ್ಲ. ರಾತ್ರಿ ಒಂದು ಹೊತ್ತಿನ ಮೇಲೆ ಮೊಬೈಲನ್ನು ಪಡಸಾಲೆಯ ಮಾಡದಲ್ಲಿ ಇಡುವ ರೂಢಿ ಮನೆಯಲ್ಲಿ ಬರಲಿ. ಈ ನಿಯಮ ಪಾಲಕರಿಗೂ ಅನ್ವಯಿಸಿದರೆ ಮಾತ್ರ ನಡೆಯುತ್ತದೆ.

ಇನ್ನು ಪುಸ್ತಕದ ಮಾತು. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಬಡ ಮಕ್ಕಳೇ ಹೆಚ್ಚಾಗಿದ್ದ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಅದರ ಫಲಿತಾಂಶ ಪ್ರಕಟವಾದದ್ದು 2010ರಲ್ಲಿ. ರಿಚರ್ಡ್ ಆಲಿಂಗ್ಟನ್ ಮತ್ತು ಆನ್ ಮೆಕ್‌ಗಿಲ್-ಫ್ರಾನ್ಜೆನ್ ಎಂಬ ಶಿಕ್ಷಣತಜ್ಞರು ಮೂರು ಬೇಸಿಗೆಗಳಲ್ಲಿ ಪ್ರತಿ ಮಗುವಿಗೆ 12 ಪುಸ್ತಕಗಳನ್ನು ಉಚಿತವಾಗಿ ಕೊಟ್ಟರು. ಪಾಠವಿಲ್ಲ, ಪ್ರಶ್ನೆಯಿಲ್ಲ, ಪರೀಕ್ಷೆಯಿಲ್ಲ. ಪುಸ್ತಕಗಳನ್ನು ಹರಡಿಟ್ಟು, ಬೇಕಾದದ್ದನ್ನು ಆರಿಸಿಕೊಳ್ಳಲು ಮಕ್ಕಳಿಗೇ ಬಿಟ್ಟರು. ಮಕ್ಕಳು ಹೆಚ್ಚಾಗಿ ಎತ್ತಿಕೊಂಡದ್ದು ಹಾಡುಗಾರರ, ಆಟಗಾರರ, ಪರಿಚಿತ ಪಾತ್ರಗಳ ಪುಸ್ತಕಗಳನ್ನು. ದೊಡ್ಡವರು ನೋಡಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದರೇನೋ. ಮೂರು ವರ್ಷಗಳ ಕೊನೆಗೆ ಆ ಮಕ್ಕಳ ಓದುವ ಸಾಮರ್ಥ್ಯ ಉಳಿದವರಿಗಿಂತ ಮೇಲಿತ್ತು. ಬೇಸಿಗೆ ತರಗತಿಗೆ ಕಳಿಸಿದರೆ ಆಗುವಷ್ಟೇ ಲಾಭ ಬರೀ ಪುಸ್ತಕಗಳಿಂದ ಆಗಿತ್ತು. ಇಲ್ಲಿಯ ಗುಟ್ಟು ಒಂದೇ: ಪುಸ್ತಕವನ್ನು ಮಗುವೇ ಆರಿಸಿತ್ತು.

ಆರಿಸಿಕೊಂಡು ಓದಿದವರ ಕತೆಗಳಲ್ಲಿ ಮೈಕೆಲ್ ಫ್ಯಾರಡೆಯದು ದೊಡ್ಡದು. ಲಂಡನ್ನಿನ ಕಮ್ಮಾರನೊಬ್ಬನ ಮಗ ಆತ. ಶಾಲೆಯಲ್ಲಿ ಕಲಿತದ್ದು ಅಲ್ಪಸ್ವಲ್ಪ ಓದು, ಬರಹ, ಲೆಕ್ಕ. 14ನೆಯ ವಯಸ್ಸಿಗೆ ಪುಸ್ತಕ ಕಟ್ಟುವವನ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿ ಏಳು ವರ್ಷ ಅಲ್ಲಿದ್ದ. ರಟ್ಟು ಹಾಕಲು ಬಂದ ಪುಸ್ತಕಗಳನ್ನು ಬಿಡುವಿನ ವೇಳೆಯಲ್ಲಿ ತೆರೆದು ಓದುತ್ತಿದ್ದ. ಎನ್‌ಸೈಕ್ಲೊಪೀಡಿಯಾ ಬ್ರಿಟಾನಿಕಾದಲ್ಲಿದ್ದ ವಿದ್ಯುತ್ತಿನ ಲೇಖನ, ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಸಂವಾದಗಳು ಅವನ ಕೈಗೆ ಸಿಕ್ಕದ್ದು ಹೀಗೆ. ಓದಿದ್ದನ್ನು ಸರಳ ಉಪಕರಣಗಳಿಂದ ಮಾಡಿ ನೋಡಿದ. 1831ರಲ್ಲಿ ಅದೇ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ. ಇಂದು ಕೃಷ್ಣೆಯ ನೀರೆತ್ತುವ ಪಂಪುಗಳಿಗೆ ಬರುವ ಕರೆಂಟು ತಯಾರಾಗುವುದು ಬಹುಮಟ್ಟಿಗೆ ಆ ತತ್ವದಿಂದಲೇ.

ಓದಿಗೆ ಬಿಡುವೂ ಕೂಡಿದರೆ ಏನಾಗಬಲ್ಲುದು ಎಂಬುದಕ್ಕೆ ಎಸ್. ಚಂದ್ರಶೇಖರ್ ಸಾಕ್ಷಿ. 1930ರಲ್ಲಿ, 19ರ ವಯಸ್ಸಿನಲ್ಲಿ, ಉನ್ನತ ವ್ಯಾಸಂಗಕ್ಕೆಂದು ಅವರು ಮುಂಬಯಿಯಿಂದ ಹಡಗು ಹತ್ತಿದರು. ಯಾವ ತರಗತಿಯೂ ಇಲ್ಲದ ವಾರಗಳ ಪ್ರಯಾಣ. ಕಾಲೇಜಿನ ಸ್ಪರ್ಧೆಯಲ್ಲಿ ಬಹುಮಾನವಾಗಿ ಪಡೆದ, ನಕ್ಷತ್ರಗಳನ್ನು ಕುರಿತ ಎಡಿಂಗ್ಟನ್ನರ ಗ್ರಂಥವನ್ನು ಅವರು ಆಗಲೇ ಓದಿಕೊಂಡಿದ್ದರು. ಆ ಪ್ರಯಾಣದ ಬಿಡುವಿನಲ್ಲಿ ಮಾಡಿದ ಲೆಕ್ಕವೇ ಮುಂದೆ ‘ಚಂದ್ರಶೇಖರ ಮಿತಿ’ ಎಂದು ಹೆಸರಾಯಿತು. 1983ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಎಲ್ಲ ಮಕ್ಕಳೂ ಚಂದ್ರಶೇಖರ್ ಆಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ತುಂಬಿದ ವೇಳಾಪಟ್ಟಿಯಲ್ಲಿ ಹೊಸ ವಿಚಾರ ಹೊಳೆಯಲು ಜಾಗವಿರುವುದಿಲ್ಲ ಎಂಬುದು ಎಲ್ಲರಿಗೂ ಅನ್ವಯಿಸುವ ಮಾತು.

ಪುಸ್ತಕಗಳನ್ನು ತರುವುದೆಲ್ಲಿಂದ? ಹಳ್ಳಿಯ ಪಾಲಕರು ಮೊದಲು ಕೇಳುವ ಪ್ರಶ್ನೆ ಇದು. ಉತ್ತರ ಹತ್ತಿರದಲ್ಲಿಯೇ ಇದೆ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ವಸೂಲಿ ಮಾಡಲಾಗುತ್ತದೆ. ಅಂದರೆ ಊರ ಗ್ರಂಥಾಲಯದ ಪುಸ್ತಕಕ್ಕೆ ಜನ ಆಗಲೇ ಹಣ ಕೊಟ್ಟಿದ್ದಾರೆ, ತರುವುದೊಂದೇ ಬಾಕಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ದೊರಕಿತು. ಶಾಲೆಗೆ ಕೀಲಿ ಬೀಳುವ ಮುನ್ನ ಗುರುಗಳನ್ನು ಕೇಳಿ ನಾಲ್ಕು ಪುಸ್ತಕ ಪಡೆದುಕೊಳ್ಳುವುದು ಇನ್ನೂ ಸುಲಭ. ಬೀರುವಿನಲ್ಲಿ ಭದ್ರವಾಗಿ ಉಳಿದ ಪುಸ್ತಕಕ್ಕಿಂತ ಮಕ್ಕಳ ಕೈಯಲ್ಲಿ ಮೂಲೆ ಮಡಚಿದ ಪುಸ್ತಕವೇ ಮೇಲು.

ಪುಸ್ತಕ ಪಟ್ಟಣದವರ ಸೊತ್ತೆಂದು ತಿಳಿಯುವವರು ಮಂಡ್ಯ ಜಿಲ್ಲೆಯ ಹರಳಹಳ್ಳಿಯ ಕಡೆ ನೋಡಬೇಕು. ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ತಮ್ಮ ಸಂಬಳದ ಹಣದಿಂದ ಪುಸ್ತಕ ಕೂಡಿಸುತ್ತ ಹೋಗಿ, ಲಕ್ಷಾಂತರ ಪುಸ್ತಕಗಳ ಭಂಡಾರವನ್ನೇ ಅಲ್ಲಿ ಕಟ್ಟಿದ್ದಾರೆ. ಗಡಿಯಾಚೆ ಮಹಾರಾಷ್ಟ್ರದ ಪಂಚಗಣಿಯ ಬಳಿಯ ಭಿಲಾರ ಎಂಬ ಹಳ್ಳಿ 2017ರ ಮೇ ತಿಂಗಳಲ್ಲಿ ‘ಪುಸ್ತಕಗಳ ಊರು’ ಆಯಿತು. ಸ್ಟ್ರಾಬೆರಿ ಬೆಳೆಯುವ ರೈತರ ಮನೆಗಳಲ್ಲಿಯೇ ಪುಸ್ತಕಗಳನ್ನು ಜೋಡಿಸಿಟ್ಟು, ಬಂದವರಿಗೆ ಕುಳಿತು ಓದಲು ಅನುಕೂಲ ಮಾಡಿದ್ದಾರೆ. ಕಾಗವಾಡ, ಅಥಣಿ, ನಿಪ್ಪಾಣಿಯ ಕಡೆಯ ಅನೇಕ ಮಕ್ಕಳಿಗೆ ಕನ್ನಡದ ಜೊತೆಗೆ ಮರಾಠಿಯೂ ಬರುತ್ತದೆ. ಇದನ್ನು ತೊಡಕೆಂದು ಬಗೆಯಬಾರದು. ಎರಡು ಭಾಷೆ ಬಲ್ಲ ಮಗುವಿಗೆ ಎರಡು ಕಪಾಟುಗಳು ತೆರೆದಿರುತ್ತವೆ.

ಯಾವ ಪುಸ್ತಕ ಎಂಬುದನ್ನು ಮಗುವೇ ಆರಿಸಲಿ ಎಂದಮೇಲೆ ಪಟ್ಟಿ ಕೊಡುವುದು ಸರಿಯಲ್ಲ. ಆದರೂ ಕೈಗೆಟಕುವಂತೆ ಮನೆಯಲ್ಲಿ ಇಡಬಹುದಾದ ಕೆಲವನ್ನು ಹೆಸರಿಸಬಹುದು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಹಾರುವ ಓತಿಯೊಂದರ ಬೆನ್ನು ಹತ್ತಿ ಕಾಡು ಸೇರುವವರ ಕಾದಂಬರಿ. ಒಮ್ಮೆ ಹಿಡಿದರೆ ಕೆಳಗಿಡುವುದು ಕಷ್ಟ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳೊಡನೆ ಗಿಡಗಳನ್ನು ಹುಡುಕುತ್ತ ತಿರುಗಿದ ಕಥನ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಪುಸ್ತಕದಲ್ಲಿ ನಗುವಿಗೂ ಕೊರತೆಯಿಲ್ಲ. ಮಕ್ಕಳಿಗಾಗಿಯೇ ಶಿವರಾಮ ಕಾರಂತರು ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ರಚಿಸಿದರು. ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯವನ್ನು ಬರೆದ ‘ತೊತ್ತೋ ಚಾನ್’ ಕನ್ನಡದಲ್ಲಿಯೂ ಬಂದಿದೆ. ಹಳೆಯ ರೈಲು ಡಬ್ಬಿಗಳನ್ನೇ ತರಗತಿಗಳನ್ನಾಗಿ ಮಾಡಿಕೊಂಡ ಶಾಲೆಯ ಕತೆ ಅದು. ಶೇಡಬಾಳ, ಉಗಾರದ ನಿಲ್ದಾಣಗಳಲ್ಲಿ ರೈಲು ನೋಡುತ್ತ ಬೆಳೆದ ಮಕ್ಕಳಿಗೆ ಅದು ಹಿಡಿಸದೆ ಇರದು. ಮಕ್ಕಳಿಗಿಂತ ಮೊದಲು ಪಾಲಕರು ಓದಿದರೆ ಇನ್ನೂ ಒಳ್ಳೆಯದು.

ಒಂದು ಎಚ್ಚರಿಕೆ. ಓದಿ ಮುಗಿಸಿದ ಕೂಡಲೆ “ಇದರ ನೀತಿ ಏನು? ಸಾರಾಂಶ ಬರೆ” ಎಂದು ಕೇಳಿದರೆ ಮಗು ಮುಂದಿನ ಪುಸ್ತಕ ಮುಟ್ಟುವುದಿಲ್ಲ. ಹಿಡಿಸದ ಪುಸ್ತಕವನ್ನು ಅರ್ಧಕ್ಕೇ ಬಿಡುವ ಹಕ್ಕೂ ಅದಕ್ಕಿರಲಿ. ಓದಿನ ನಡುವೆ ಎದ್ದು ಹೋಗಿ ಇರುವೆಯ ಸಾಲು ನೋಡುತ್ತ ಕುಳಿತರೆ ಅದನ್ನೂ ಓದೆಂದೇ ತಿಳಿಯಬೇಕು. ದ್ರಾಕ್ಷಿ ಶೆಡ್ಡಿನಲ್ಲೇ ಎಷ್ಟೊಂದು ವಿಜ್ಞಾನವಿದೆ! ಹಣ್ಣಿನ ಮೈಮೇಲೆ ತೆಳುವಾದ ಮೇಣದ ಪದರವಿರುತ್ತದೆ. ಅದು ನೀರನ್ನು ಬೇಗ ಹೊರಬಿಡುವುದಿಲ್ಲ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಕೂಡಿಸಿದ ನೀರಿನಲ್ಲಿ ಅದ್ದಿದಾಗ ಈ ಪದರದಲ್ಲಿ ದಾರಿಗಳಾಗಿ ಹಣ್ಣು ಬೇಗ ಒಣಗುತ್ತದೆ. ಸುಮಾರು ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಒಣದ್ರಾಕ್ಷಿ. ಉಳಿದ ಮೂರು ಕಿಲೊ ಎಲ್ಲಿ ಹೋಯಿತು ಎಂದು ಮಗು ತಾನಾಗಿಯೇ ಕೇಳಿದ ದಿನ, ಆವಿಯಾಗುವಿಕೆಯ ಪಾಠ ಮುಗಿದಂತೆಯೇ.

ಆದರೆ ಅದೇ ಶೆಡ್ಡಿನಲ್ಲಿ ಕೂಲಿಗೆ ಬರುವ ತಾಯಂದಿರ ಹಿಂದೆ ಬರುವ ಮಕ್ಕಳೂ ಇದ್ದಾರೆ. ಅವರಿಗೆ ಸೂಟಿ ಎಂದರೆ ತಮ್ಮ ತಂಗಿಯರನ್ನು ಎತ್ತಿಕೊಂಡು ದಿನ ಕಳೆಯುವುದು. ಕಬ್ಬು ಕಡಿಯಲು ಊರೂರು ತಿರುಗುವವರ ಮಕ್ಕಳಿಗಂತೂ ರಜೆಯ ಮುನ್ನವೇ ಶಾಲೆ ತಪ್ಪಿರುತ್ತದೆ. ಒಳ್ಳೆಯ ಪುಸ್ತಕದ ಮಾತು ಇವರನ್ನು ಬಿಟ್ಟು ಆಡಿದರೆ ಅರ್ಧ ಮಾತಾದೀತು. ಮನೆಯಲ್ಲಿ ಪುಸ್ತಕವಿರುವ ಮಗು ಸಂಜೆ ಗುಡಿಯ ಕಟ್ಟೆಯ ಮೇಲೆ ಕುಳಿತು ನಾಲ್ಕು ಮಕ್ಕಳಿಗೆ ಒಂದು ಕತೆ ಗಟ್ಟಿಯಾಗಿ ಓದಿ ಹೇಳಲಿ. ಖರ್ಚಿಲ್ಲದ ಈ ಕೆಲಸದಿಂದ ಓದುವವರಿಗೂ ಲಾಭ, ಕೇಳುವವರಿಗೂ ಲಾಭ.

ತಂದೆಯ ಗಣಿತದ ಚಿಂತೆಗೂ ಉಪಾಯವಿದೆ. ವಾರಕ್ಕೆ ಮೂರು ದಿನ, ತಂಪು ಹೊತ್ತಿನಲ್ಲಿ, ಅರ್ಧ ತಾಸು ಲೆಕ್ಕ ಮಾಡಿದರೆ ಕೈ ರೂಢಿ ತಪ್ಪುವುದಿಲ್ಲ. ತೋಟದ ಖರ್ಚು, ಪೆಟ್ಟಿಗೆಗಳ ಎಣಿಕೆ, ಸಾಂಗಲಿಯ ಮಾರುಕಟ್ಟೆಯ ಧಾರಣೆ, ಇವನ್ನೆಲ್ಲ ಮಗಳ ಕೈಯಲ್ಲಿ ಬರೆಸಿದರೆ ಪ್ರತಿಶತದ ಪಾಠ ಬೇರೆ ಬೇಕಿಲ್ಲ. ಹತ್ತನೆಯ ತರಗತಿಯ ಪುಸ್ತಕ ತೆರೆಯಲೇಬೇಕೆಂದಿದ್ದರೆ ಮೇ ಕೊನೆಯ ಎರಡು ವಾರ ಧಾರಾಳ ಸಾಕು.

ಆ ಮನೆಯಲ್ಲಿಯೂ ಕೊನೆಗೆ ಹೀಗೆಯೇ ಒಪ್ಪಂದವಾಯಿತೆನ್ನಿ. ತಾಯಿಯ ಮಾತು ನಡೆಯಿತು. ಅಥಣಿಯ ಕ್ಲಾಸು ಮೇ ಮಧ್ಯಕ್ಕೆ ಸರಿಯಿತು. ಮಗಳು ಎರಡು ಪುಸ್ತಕ ಹಿಡಿದು ಜುಗೂಳದ ಬಸ್ಸು ಹತ್ತಿದಳು. ಬೆಳಿಗ್ಗೆ ಆಯಿಯೊಡನೆ ಶಾವಿಗೆ, ಮಧ್ಯಾಹ್ನ ಪಡಸಾಲೆಯಲ್ಲಿ ಓದು, ನಡುವೆ ಒಂದು ನಿದ್ದೆ, ಸಂಜೆ ಬತ್ತಿದ ಕೃಷ್ಣೆಯ ದಂಡೆ.

ಮೇ ಮೊದಲ ವಾರ ಮುಗಿಯುತ್ತಿದ್ದಾಗ ತಂದೆ ಮಗಳನ್ನು ನೋಡಿಬರಲು ಹೋದ. ಹೊತ್ತು ಮಧ್ಯಾಹ್ನ ಹನ್ನೆರಡೂವರೆಯ ಸುಮಾರು. ಮಗಳು ಅಂಗಳದ ಬಿಸಿಲಿನಲ್ಲಿ ಒಂದು ಉದ್ದನೆಯ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ, ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಆಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಅಪ್ಪಾ, ಇಲ್ಲಿ ಬಾ. ಡಬ್ಬಿ ನೆಳ್ಳು ಎಲ್ಲೈತಿ ತೋರ್ಸು.”

ತಂದೆ ಸುತ್ತ ನೋಡಿದ. ನೆರಳು ಇರಲಿಲ್ಲ. ಬಗ್ಗಿ ನೋಡಿದ. ಆಗಲೂ ಕಾಣಲಿಲ್ಲ. ತನ್ನ ನೆರಳೂ ಕಾಲಡಿಯಲ್ಲೇ ಮುದುಡಿಕೊಂಡಿತ್ತು.

ಮಗಳು ವಿವರಿಸಿದಳು. ಸೂರ್ಯ ದಿನಾಲು ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆಂದು ಜನ ಅನ್ನುತ್ತಾರೆ, ಆದರೆ ಅದು ನಿಜವಲ್ಲ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ವರ್ಷಕ್ಕೆ ಎರಡೇ ದಿನ ಆತ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಈ ಸೀಮೆ ಸುಮಾರು 16.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಆ ದಿನಗಳು ಮೇ 6-7ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ. ಆಗಸ್ಟಿನಲ್ಲಿ ಮಳೆಮೋಡ ಕವಿದಿರುತ್ತದೆ. ಹೀಗಾಗಿ ನೆರಳಿಲ್ಲದ ಗಳಿಗೆಯನ್ನು ಕಣ್ಣಾರೆ ನೋಡಬೇಕೆಂದರೆ ಮೇ ತಿಂಗಳೇ ಬೇಕು.

“ಸಾಲ್ಯಾಗ ಇದನ್ನ ತೋರಿಸಿಲ್ಲೇನು?” ತಂದೆ ಕೇಳಿದ.

“ಹೆಂಗ ತೋರಿಸ್ತಾರಪಾ? ಆವಾಗ ಸೂಟಿ ಇರ್ತೈತಲ್ಲ.”

ತಂದೆ ಮಾತಾಡಲಿಲ್ಲ. ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಬೆವರು ಒರೆಸಿಕೊಂಡು, ಮಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. ಡಬ್ಬಿಯ ಬುಡದಲ್ಲಿ, ಪೂರ್ವದ ಕಡೆ, ಕೂದಲೆಳೆಯಷ್ಟು ನೆರಳು ಮೆಲ್ಲಗೆ ಹುಟ್ಟಿಕೊಳ್ಳುವವರೆಗೂ ಇಬ್ಬರೂ ಅಲ್ಲಿಂದ ಏಳಲಿಲ್ಲ.